ಪಾಳುಬಿದ್ದ ಕ್ಲೌಡ್ ಖಾತೆ: ಕಲ್ಲೂರಿನ ಮಕ್ಕಳಿಗೆ ಕಿವಿಮಾತು

ಕಲ್ಲೂರು, ಮಾನ್ವಿ, ದೇವದುರ್ಗದ ಕಡೆಯಿಂದ ರಾಯಚೂರಿನ ಕಾಲೇಜುಗಳಿಗೆ ಹೋಗಿ ಕೋಡ್ ಬರೆಯಲು ಕಲಿತ ಮಕ್ಕಳು ಈಗ ಬಹಳ ಮಂದಿ ಇದ್ದಾರೆ. ಓದುವಾಗ ಒಬ್ಬೊಬ್ಬರೂ ಒಂದೊಂದು ಕ್ಲೌಡ್ ಖಾತೆ ತೆರೆಯುತ್ತಾರೆ. ಹತ್ತಿಯ ದರ ತೋರಿಸುವ ಆ್ಯಪ್, ಶಾಲೆಯ ಹಾಜರಿ, ಮಹಾಲಕ್ಷ್ಮಿ ಗುಡಿಯ ಮಾಹಿತಿ ಪುಟ, ಹೀಗೆ ಏನಾದರೊಂದು ಕಟ್ಟುತ್ತಾರೆ. ಆಮೇಲೆ ಹೈದರಾಬಾದಿಗೋ ಬೆಂಗಳೂರಿಗೋ ಕೆಲಸಕ್ಕೆ ಹೋಗುತ್ತಾರೆ, ಖಾತೆ ಹಿಂದೆಯೇ ಉಳಿಯುತ್ತದೆ. ವರ್ಷಗಳ ಮೇಲೆ ಅದು ಮತ್ತೆ ಬೇಕಾದಾಗ ಪಾಸ್‌ವರ್ಡ್ ನೆನಪಿರುವುದಿಲ್ಲ, ಹಳೆಯ ನಂಬರ್ ಇರುವುದಿಲ್ಲ, ಅಡ್ಮಿನ್ ಯಾರೆಂಬುದೇ ಗೊತ್ತಿರುವುದಿಲ್ಲ.

ಕಂಪ್ಯೂಟರ್ ಕಲಿಸುತ್ತಲೇ ಕೂದಲು ನರೆತವನ ಮಾತನ್ನು ಇಲ್ಲಿ ಸ್ವಲ್ಪ ಕೇಳಿ. ಹೊಲ ಬಿತ್ತದೆ ಬಿಟ್ಟರೂ ಪಹಣಿಯಲ್ಲಿ ಹೆಸರಿದ್ದರೆ ಅದು ನಿಮ್ಮದೇ. ಕ್ಲೌಡ್ ಖಾತೆಗೆ ಆ ಪಹಣಿಯೆಂದರೆ ನಿಮ್ಮ ಇಮೇಲ್, ಮೊಬೈಲ್ ನಂಬರ್, ಡೊಮೇನ್ ಮತ್ತು ಕಟ್ಟಿದ ಬಿಲ್ಲು. ಇವುಗಳಲ್ಲಿ ಒಂದೆರಡು ಕೈಯಲ್ಲಿದ್ದರೂ ಖಾತೆ ಮರಳಿ ಪಡೆಯುವ ದಾರಿ ಸಾಮಾನ್ಯವಾಗಿ ತೆರೆದಿರುತ್ತದೆ. ಆದರೆ ಹೊಲ ಕಾಯುತ್ತದೆ, ಖಾತೆ ಕಾಯುವುದಿಲ್ಲ. ಅದಕ್ಕೆ ಗಡುವುಗಳಿವೆ. ಹಾಗಾಗಿ ಪುರಾವೆ ಕೂಡಿಸಿ, ಗಡುವು ನೋಡಿ, ಆಮೇಲೆ ಬೀಗಕ್ಕೆ ಕೈ ಹಾಕಿ.

ಕೈ ಹಾಕುವ ಮೊದಲು

• ಗಾಬರಿಯಲ್ಲಿ ನೆನಪಿಗೆ ಬಂದ ಪಾಸ್‌ವರ್ಡುಗಳನ್ನೆಲ್ಲ ಒತ್ತುತ್ತ ಹೋಗಬೇಡಿ. ತಪ್ಪು ಪ್ರಯತ್ನ ಹೆಚ್ಚಾದಷ್ಟೂ ವ್ಯವಸ್ಥೆಗೆ ನಿಮ್ಮ ಮೇಲೆ ಅನುಮಾನ ಬೆಳೆಯುತ್ತದೆ. ಒಂದು ಹಾಳೆ ತೆಗೆದುಕೊಂಡು ಬರೆಯಿರಿ: ಯಾವ ಕಂಪನಿಯ ಖಾತೆ, ಯಾವ ವರ್ಷ ತೆರೆದದ್ದು, ಯಾವ ಇಮೇಲ್, ಯಾವ ನಂಬರ್, ಯಾವ ಕಾರ್ಡ್, ಯಾವ ಡೊಮೇನ್.

• ಖಾತೆಯ ಗುರುತು ಸಂಖ್ಯೆ ಹುಡುಕಿ. ಎಡಬ್ಲ್ಯುಎಸ್‌ನಲ್ಲಿ ಅದು 12 ಅಂಕಿಯ ಖಾತೆ ಸಂಖ್ಯೆ, ಗೂಗಲ್ ಕ್ಲೌಡ್‌ನಲ್ಲಿ ಪ್ರಾಜೆಕ್ಟ್ ಐಡಿ, ಅಜೂರ್‌ನಲ್ಲಿ ಸಬ್‌ಸ್ಕ್ರಿಪ್ಷನ್ ಐಡಿ. ಹಳೆಯ ಇಮೇಲ್‌ನಲ್ಲಿ ಇನ್‌ವಾಯ್ಸ್, ವೆಲ್‌ಕಮ್, ಬಿಲ್ಲಿಂಗ್ ಎಂದು ಹುಡುಕಿದರೆ ಸಿಗುತ್ತದೆ. ಈ ಸಂಖ್ಯೆಯಿದ್ದರೆ ಸಹಾಯವಾಣಿಯವರಿಗೂ ನಿಮಗೂ ಅರ್ಧ ದಾರಿ ಸವೆದಂತೆ.

• ಕೆಟ್ಟಿರುವುದು ಏನೆಂದು ಮೊದಲು ತಿಳಿಯಿರಿ. ಪಾಸ್‌ವರ್ಡ್ ಮರೆತಿರಬಹುದು, ಎರಡನೇ ಹಂತದ ಕೋಡ್ ಬರುವ ಫೋನ್ ಹೋಗಿರಬಹುದು, ಬಿಲ್ಲು ಕಟ್ಟದೆ ಖಾತೆ ಅಮಾನತಾಗಿರಬಹುದು, ಅಥವಾ ಒಳಗೆ ಹೋಗಲು ಬಂದರೂ ಅಡ್ಮಿನ್ ಅಧಿಕಾರ ಇಲ್ಲದಿರಬಹುದು. ಈ ನಾಲ್ಕಕ್ಕೂ ಮದ್ದು ಬೇರೆ ಬೇರೆ.

• ಹಳೆಯ ಲ್ಯಾಪ್‌ಟಾಪನ್ನು ಫಾರ್ಮ್ಯಾಟ್ ಮಾಡಬೇಡಿ, ಹಳೆಯ ಫೋನನ್ನು ಮಾರಬೇಡಿ. ಬ್ರೌಸರಿನಲ್ಲಿ ಉಳಿದ ಪಾಸ್‌ವರ್ಡ್, ಲಾಗಿನ್ ಆಗಿಯೇ ಇರುವ ಖಾತೆ, ಅಥೆಂಟಿಕೇಟರ್ ಆ್ಯಪ್, ಕಮಾಂಡ್ ಲೈನಿನ ಕೀಲಿಗಳು ಅದರಲ್ಲೇ ಇರಬಹುದು.

• ಜೊತೆಗೆ ಪ್ರಾಜೆಕ್ಟ್ ಮಾಡಿದ ಗೆಳೆಯರಿಗೆಲ್ಲ ಒಂದು ಫೋನ್ ಮಾಡಿ. ಅವರಲ್ಲಿ ಒಬ್ಬರು ಇನ್ನೂ ಅಡ್ಮಿನ್ ಆಗಿದ್ದರೆ ನಿಮ್ಮನ್ನು ಮತ್ತೆ ಸೇರಿಸಲು ಅವರಿಗೆ ಐದು ನಿಮಿಷ ಸಾಕು. ಎಲ್ಲಕ್ಕಿಂತ ಸುಲಭದ ದಾರಿ ಇದೇ, ಆದರೂ ಬಹಳ ಮಂದಿ ಇದನ್ನು ಕೊನೆಗೆ ನೆನೆಯುತ್ತಾರೆ.

ಗಡುವಿನ ಲೆಕ್ಕ

• ಎರಡು ವರ್ಷ ಮುಟ್ಟದ ವೈಯಕ್ತಿಕ ಗೂಗಲ್ ಖಾತೆಯನ್ನು ಅಳಿಸುವ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಅಳಿಸಿದ ಜಿಮೇಲ್ ವಿಳಾಸವನ್ನು ಮತ್ತೆ ಹೊಸದಾಗಿ ಪಡೆಯಲು ಬರುವುದಿಲ್ಲ. ಶಾಲೆ, ಕಂಪನಿಗಳು ಕೊಟ್ಟ ಖಾತೆಗೆ ಈ ನಿಯಮ ಅನ್ವಯಿಸುವುದಿಲ್ಲ. ಅಲ್ಲಿ ಆ ಸಂಸ್ಥೆಯ ಅಡ್ಮಿನ್ ಹೇಳಿದ್ದೇ ಕಾನೂನು.

• ಮೈಕ್ರೋಸಾಫ್ಟ್‌ನ ವೈಯಕ್ತಿಕ ಖಾತೆಗೂ ಎರಡು ವರ್ಷದ ಮಿತಿಯೇ ಇದೆ. ಆ ಅವಧಿಯೊಳಗೆ ಒಮ್ಮೆಯಾದರೂ ಲಾಗಿನ್ ಆಗಿರಬೇಕು.

• ಗೂಗಲ್ ಕ್ಲೌಡ್‌ನ ಪ್ರಾಜೆಕ್ಟನ್ನು ಯಾರಾದರೂ ಮುಚ್ಚಿದ್ದರೆ ಅದನ್ನು ಮರಳಿಸಲು 30 ದಿನ ಅವಕಾಶವಿದೆ. 90 ದಿನದ ಉಚಿತ ಟ್ರಯಲ್ ಮುಗಿದು ನಿಂತಿದ್ದರೂ 30 ದಿನದೊಳಗೆ ಪಾವತಿ ಖಾತೆಗೆ ಬದಲಿಸಿದರೆ ಕೆಲಸ ಉಳಿಯುತ್ತದೆ.

• ಎಡಬ್ಲ್ಯುಎಸ್ ಖಾತೆ ಮುಚ್ಚಿದ ಮೇಲೆ 90 ದಿನದೊಳಗೆ ಸಪೋರ್ಟ್ ಮೂಲಕ ಮತ್ತೆ ತೆರೆಸಬಹುದು. ಅದು ದಾಟಿದರೆ ಶಾಶ್ವತವಾಗಿ ಹೋದಂತೆ. ಅಜೂರ್ ಸಬ್‌ಸ್ಕ್ರಿಪ್ಷನ್ ರದ್ದಾದರೆ ದತ್ತಾಂಶ ಅಳಿಸುವ ಮೊದಲು ಮೈಕ್ರೋಸಾಫ್ಟ್ 30ರಿಂದ 90 ದಿನ ಕಾಯುತ್ತದೆ.

• ಉಚಿತ ಸೇವೆಗಳನ್ನು ನೆಚ್ಚಿ ಕೂರಬೇಡಿ. ಹೆರೋಕು ಕಂಪನಿ 2022ರ ನವೆಂಬರಿನಲ್ಲಿ ಉಚಿತ ಸೇವೆಯನ್ನೇ ನಿಲ್ಲಿಸಿತು. ಅದಕ್ಕೂ ಮೊದಲು, ವರ್ಷಕ್ಕಿಂತ ಹೆಚ್ಚು ಕಾಲ ನಿಷ್ಕ್ರಿಯವಾಗಿದ್ದ ಖಾತೆಗಳನ್ನು ಅಳಿಸುವುದಾಗಿ ಹೇಳಿತ್ತು. ಸುಪಾಬೇಸ್‌ನಲ್ಲಿ ಉಚಿತ ಪ್ರಾಜೆಕ್ಟನ್ನು ಒಂದು ವಾರ ಬಳಸದಿದ್ದರೆ ತಾತ್ಕಾಲಿಕವಾಗಿ ನಿಲ್ಲಿಸಿಡುತ್ತಾರೆ.

• ನಿಮ್ಮ ಹಾಳೆಯಲ್ಲಿ ಪ್ರತಿ ಖಾತೆಯ ಎದುರಿಗೆ ಗಡುವಿನ ತಾರೀಕು ಬರೆಯಿರಿ. ಹತ್ತಿರದ ಗಡುವು ಯಾವುದಕ್ಕಿದೆಯೋ ಅದನ್ನು ಮೊದಲು ಹಿಡಿಯಿರಿ.

ನಂಬರ್ ಮತ್ತು ಇಮೇಲ್ ಮೊದಲು

• ಕ್ಲೌಡ್ ಖಾತೆಗೆ ಹೋಗುವ ಮುಂಚೆ ಅದಕ್ಕೆ ಜೋಡಿಸಿದ ಇಮೇಲ್ ತೆರೆಯಬೇಕು. ಇಮೇಲ್ ತೆರೆಯಲು ನಂಬರ್ ಬೇಕು. ಹಾಗಾಗಿ ನಂಬರ್, ಇಮೇಲ್, ಕ್ಲೌಡ್ ಎಂಬ ಕ್ರಮದಲ್ಲೇ ಹೋಗಿ. ಈ ಕ್ರಮ ತಪ್ಪಿದವರು ಒಂದೇ ಪುಟದಲ್ಲಿ ಸುತ್ತುತ್ತಿರುತ್ತಾರೆ.

• ನಮ್ಮ ದೇಶದಲ್ಲಿ 90 ದಿನ ಬಳಸದ ಪ್ರಿಪೇಯ್ಡ್ ನಂಬರನ್ನು ಕಂಪನಿ ನಿಲ್ಲಿಸಬಹುದು. ನಿಂತ ನಂಬರನ್ನು ಕನಿಷ್ಠ 90 ದಿನ ಬೇರೆಯವರಿಗೆ ಕೊಡುವುದಿಲ್ಲ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2023ರಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿತ್ತು. ಈ ಅವಧಿಯೊಳಗೇ ಆಧಾರ್ ಹಿಡಿದು ರಾಯಚೂರಿನ ಕಂಪನಿ ಮಳಿಗೆಗೆ ಹೋಗಿ ನಂಬರ್ ಮರಳಿ ಕೇಳಿ.

• ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಮೊಬೈಲ್ ಸಂಪರ್ಕಗಳಿವೆ ಎಂದು ನೋಡಬಹುದು. ಹಳೆಯ ನಂಬರ್ ಇನ್ನೂ ನಿಮ್ಮದೇ ಎಂದು ಕಂಡರೆ ಬದಲಿ ಸಿಮ್ ಪಡೆಯಿರಿ. ನಂಬರ್ ಅಪ್ಪನ ಅಥವಾ ಮಾವನ ಹೆಸರಿನಲ್ಲಿದ್ದರೆ ಮಳಿಗೆಗೆ ಅವರನ್ನೇ ಕರೆದೊಯ್ಯಿರಿ.

• ಬದಲಿ ಸಿಮ್ ಹಾಕಿದ ಮೊದಲ 24 ಗಂಟೆ ಎಸ್‌ಎಂಎಸ್ ಬರುವುದಿಲ್ಲ. ಮೋಸ ತಡೆಯಲು ದೂರಸಂಪರ್ಕ ಇಲಾಖೆ ಮಾಡಿದ ನಿಯಮವಿದು. ಒಟಿಪಿ ಬರಲಿಲ್ಲವೆಂದು ಅಂದೇ ಹತ್ತು ಸಲ ಒತ್ತಬೇಡಿ, ಮರುದಿನ ಪ್ರಯತ್ನಿಸಿ.

• ಗೂಗಲ್ ಖಾತೆ ಮರಳಿ ಪಡೆಯುವಾಗ ಮೊದಲು ಬಳಸುತ್ತಿದ್ದ ಕಂಪ್ಯೂಟರ್, ಅದೇ ಬ್ರೌಸರ್, ಸಾಧ್ಯವಾದರೆ ಅದೇ ಜಾಗದಿಂದ ಪ್ರಯತ್ನಿಸಿ. ಕಲ್ಲೂರಿನ ಮನೆಯ ಲ್ಯಾಪ್‌ಟಾಪಿನಲ್ಲಿ ತೆರೆದ ಖಾತೆಯನ್ನು ಬೆಂಗಳೂರಿನ ಪಿಜಿಯಲ್ಲಿ ಕೂತು ಹೊಸ ಫೋನಿನಿಂದ ಕೇಳುವುದಕ್ಕಿಂತ, ಹಬ್ಬಕ್ಕೆ ಊರಿಗೆ ಬಂದಾಗ ಮನೆಯಿಂದಲೇ ಕೇಳುವುದು ಮೇಲು. ಪ್ರಶ್ನೆಗಳನ್ನು ಬಿಡದೆ ಉತ್ತರಿಸಿ, ನೆನಪಿರುವ ಕೊನೆಯ ಪಾಸ್‌ವರ್ಡ್ ಕೊಡಿ.

• ಕಾಲೇಜು ಕೊಟ್ಟ ಇಮೇಲ್‌ನಲ್ಲಿ ಖಾತೆ ತೆರೆದಿದ್ದರೆ, ಓದು ಮುಗಿದ ಮೇಲೆ ಆ ಇಮೇಲ್ ನಿಂತಿರುವ ಸಾಧ್ಯತೆ ಹೆಚ್ಚು. ಕಾಲೇಜಿನ ಐಟಿ ವಿಭಾಗಕ್ಕೆ ಲಿಖಿತ ಅರ್ಜಿ ಕೊಡಿ. ಪ್ರವೇಶ ಸಂಖ್ಯೆ, ಅಂಕಪಟ್ಟಿ ಲಗತ್ತಿಸಿ, ಸ್ವಲ್ಪ ದಿನ ಇಮೇಲ್ ತೆರೆದುಕೊಡಿ ಎಂದು ವಿನಯದಿಂದ ಕೇಳಿ. ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ ಅಳಿಸಿದ ಬಳಕೆದಾರರನ್ನು 20 ದಿನದೊಳಗೆ ಅಡ್ಮಿನ್ ಮರಳಿಸಬಹುದು, ತಡಮಾಡಬೇಡಿ.

ಒಂದೊಂದು ಕಂಪನಿಗೆ ಒಂದೊಂದು ದಾರಿ

• ಎಡಬ್ಲ್ಯುಎಸ್‌ನಲ್ಲಿ ಎಲ್ಲಕ್ಕೂ ಮೇಲಿನ ಅಧಿಕಾರ ರೂಟ್ ಬಳಕೆದಾರನದು. ಖಾತೆ ತೆರೆದ ಇಮೇಲ್ ಯಾವುದೋ ಅದೇ ರೂಟ್. ಪಾಸ್‌ವರ್ಡ್ ಬದಲಿಸುವ ಕೊಂಡಿ ಅದೇ ಇಮೇಲ್‌ಗೆ ಬರುತ್ತದೆ. ಎರಡನೇ ಹಂತದ ಸಾಧನ ಕಳೆದಿದ್ದರೆ ಲಾಗಿನ್ ಪುಟದಲ್ಲೇ ಪರ್ಯಾಯ ದಾರಿಯಿದೆ. ಇಮೇಲ್‌ಗೆ ಒಂದು ಪರಿಶೀಲನೆ, ನೋಂದಾಯಿತ ಫೋನಿಗೆ ಒಂದು ಕರೆ. ನಂಬರ್ ಉಳಿಸಿಕೊಳ್ಳಿ ಎಂದು ಅಷ್ಟು ಒತ್ತಿ ಹೇಳಿದ್ದು ಇದಕ್ಕೇ.

• ಎಡಬ್ಲ್ಯುಎಸ್ ಆರ್ಗನೈಜೇಷನ್ಸ್ ಒಳಗಿನ ಉಪಖಾತೆಯಾಗಿದ್ದರೆ ಮುಖ್ಯ ಖಾತೆಯ ಅಡ್ಮಿನ್ ಒಳಗೆ ಬರಬಹುದು. ಅಲ್ಲೇ ಸೃಷ್ಟಿಸಿದ ಉಪಖಾತೆಯಲ್ಲಿ ಅದಕ್ಕೆಂದೇ ಒಂದು ರೋಲ್ ತಾನಾಗಿ ಇರುತ್ತದೆ. ಮೊದಲು ಅದನ್ನು ಪರೀಕ್ಷಿಸಿ.

• ಗೂಗಲ್ ಕ್ಲೌಡ್‌ನಲ್ಲಿ ಪ್ರಾಜೆಕ್ಟ್ ಯಾವುದಾದರೂ ಆರ್ಗನೈಜೇಷನ್ ಅಡಿಯಲ್ಲಿದೆಯೇ ನೋಡಿ. ಇದ್ದರೆ ವರ್ಕ್‌ಸ್ಪೇಸ್ ಅಥವಾ ಕ್ಲೌಡ್ ಐಡೆಂಟಿಟಿಯ ಸೂಪರ್ ಅಡ್ಮಿನ್ ತನಗೆ ಆರ್ಗನೈಜೇಷನ್ ಅಡ್ಮಿನ್ ಅಧಿಕಾರ ಕೊಟ್ಟುಕೊಂಡು, ನಿಮ್ಮನ್ನು ಓನರ್ ಮಾಡಬಹುದು. ಬರೀ ಜಿಮೇಲ್‌ನಿಂದ ತೆರೆದ ಒಂಟಿ ಪ್ರಾಜೆಕ್ಟಿಗೆ ಆ ಮೇಲಿನ ಆಸರೆ ಇಲ್ಲ, ಓನರ್ ಆಗಿದ್ದ ಜಿಮೇಲ್ ಖಾತೆಯನ್ನೇ ಮರಳಿ ಪಡೆಯಬೇಕು.

• ಅಜೂರ್‌ನಲ್ಲಿ ಗ್ಲೋಬಲ್ ಅಡ್ಮಿನಿಸ್ಟ್ರೇಟರ್ ಇನ್ನೊಬ್ಬರಿದ್ದರೆ ಅವರೇ ನಿಮ್ಮ ಪಾಸ್‌ವರ್ಡ್ ಮತ್ತು ಎರಡನೇ ಹಂತವನ್ನು ಹೊಸದಾಗಿಸಬಹುದು. ಇದ್ದ ಒಬ್ಬರೇ ಹೊರಗುಳಿದಿದ್ದರೆ ಮೈಕ್ರೋಸಾಫ್ಟ್ ಸಪೋರ್ಟಿಗೆ ಫೋನ್ ಮಾಡಿ, ಡೇಟಾ ಪ್ರೊಟೆಕ್ಷನ್ ತಂಡಕ್ಕೆ ವಿಷಯ ಕಳಿಸಲು ಕೇಳಿ. ಗುರುತು ಖಚಿತಪಡಿಸಲು ಸಮಯ ಹಿಡಿಯುತ್ತದೆ, ಸಿಟ್ಟಾಗಬೇಡಿ.

• ಗಿಟ್‌ಹಬ್‌ನಲ್ಲಿ ರಿಕವರಿ ಕೋಡ್ ಕಳೆದಿದ್ದರೆ ಹಳೆಯ ಲ್ಯಾಪ್‌ಟಾಪಿನ ಎಸ್‌ಎಸ್‌ಎಚ್ ಕೀಲಿ, ಪರ್ಸನಲ್ ಆ್ಯಕ್ಸೆಸ್ ಟೋಕನ್, ಅಥವಾ ಮೊದಲೇ ಪರಿಶೀಲಿಸಿದ ಸಾಧನ ಪುರಾವೆಯಾಗುತ್ತದೆ. ಅವೂ ಇಲ್ಲದಿದ್ದರೆ ಆ ಖಾತೆ ಸಿಗುವುದು ಕಷ್ಟ. ಆಗ ಆ ಇಮೇಲನ್ನು ಹಳೆಯ ಖಾತೆಯಿಂದ ಬಿಡಿಸಿ ಹೊಸ ಖಾತೆಗೆ ಬಳಸಬಹುದು.

• ಪ್ಲೇ ಸ್ಟೋರಿಗೆ ಹಾಕಿದ ಆ್ಯಪ್‌ನ ಅಪ್‌ಲೋಡ್ ಕೀಲಿ ಕಳೆದಿದ್ದರೆ ಗಾಬರಿ ಬೇಡ. ಪ್ಲೇ ಆ್ಯಪ್ ಸೈನಿಂಗ್ ಬಳಸಿದ್ದರೆ ಕನ್ಸೋಲ್‌ನಲ್ಲೇ ಹೊಸ ಅಪ್‌ಲೋಡ್ ಕೀಲಿಗೆ ಮನವಿ ಕೊಡಬಹುದು. ಆ ಸೌಲಭ್ಯ ಬಳಸದೆ ಸ್ವಂತ ಸೈನಿಂಗ್ ಕೀಲಿಯನ್ನೇ ಕಳೆದುಕೊಂಡಿದ್ದರೆ ಅದೇ ಆ್ಯಪ್‌ಗೆ ಅಪ್‌ಡೇಟ್ ಕೊಡಲಾಗದು, ಹೊಸ ಪ್ಯಾಕೇಜ್ ಹೆಸರಿನಲ್ಲಿ ಮತ್ತೆ ಹಾಕಬೇಕು.

ಬಿಲ್ಲು ನಿಂತು ಖಾತೆ ಅಮಾನತಾಗಿದ್ದರೆ

• ಕಾರ್ಡಿನಲ್ಲಿ ದುಡ್ಡಿದ್ದೂ ಬಿಲ್ಲು ಕಟ್ಟದೆ ಹೋಗಿರಬಹುದು. 2021ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ ನಿಯಮದಂತೆ ಕಾರ್ಡಿನಿಂದ ತಿಂಗಳ ಹಣ ತಾನಾಗಿ ಕಡಿತವಾಗಲು ನಿಮ್ಮ ಒಪ್ಪಿಗೆ ನೋಂದಾಯಿತವಾಗಿರಬೇಕು. ಅದಕ್ಕಿಂತ ಹಿಂದೆ ಜೋಡಿಸಿದ ಕಾರ್ಡುಗಳಲ್ಲಿ ಬಹಳಷ್ಟು ಆಗ ಸದ್ದಿಲ್ಲದೆ ನಿಂತುಹೋದವು.

• ಒಳಗೆ ಹೋಗಲು ಸಾಧ್ಯವಾದರೆ ಬಾಕಿಯ ಇನ್‌ವಾಯ್ಸ್ ತೆರೆದು ಸಾಲುಸಾಲಾಗಿ ಓದಿ, ಆಮೇಲೆ ಕಟ್ಟಿ. ನೀವು ಬಳಸದ ಯಂತ್ರಕ್ಕೆ ದೊಡ್ಡ ಮೊತ್ತ ಬಂದಿದ್ದರೆ ಖಾತೆ ಕಳ್ಳರ ಕೈಗೆ ಸಿಕ್ಕಿರಬಹುದು. ಎಡಬ್ಲ್ಯುಎಸ್‌ನಲ್ಲಿ ಬಿಲ್ಲಿಂಗ್ ದೂರು ಕೊಡಲು ದುಡ್ಡು ಕಟ್ಟಬೇಕಿಲ್ಲ. ನಡೆದದ್ದನ್ನು ತಾರೀಕಿನೊಂದಿಗೆ ಬರೆದು ರಿಯಾಯಿತಿ ಕೇಳಿ.

• ದೊಡ್ಡ ಬಾಕಿ ಕಂಡು ಹೆದರಿ, ಮನೆಯಲ್ಲಿ ಹೇಳದೆ ಬಚ್ಚಿಡಬೇಡಿ. ಹಿರಿಯರಿಗೆ ಹೇಳಿ, ಕಂಪನಿಗೆ ಬರೆಯಿರಿ. ಮೌನವಾಗಿದ್ದಷ್ಟೂ ಗಡುವು ಹತ್ತಿರವಾಗುತ್ತದೆ.

ಸಂಘ, ಶಾಲೆ, ರೈತ ಕಂಪನಿಯ ಖಾತೆಯಾಗಿದ್ದರೆ

• ಖಾತೆ ಸಂಸ್ಥೆಯದು, ಕೀಲಿ ಮಾತ್ರ ಬಿಟ್ಟುಹೋದ ಹುಡುಗನದು ಎಂಬುದು ನಮ್ಮ ಕಡೆ ಎಲ್ಲಕ್ಕಿಂತ ಹೆಚ್ಚು ಕಾಣುವ ತೊಡಕು. ಮೊದಲು ಅವನಿಗೆ ಮರ್ಯಾದೆಯಿಂದ ಫೋನ್ ಮಾಡಿ. ಜಗಳ ಮಾಡಿಕೊಂಡರೆ ಐದು ನಿಮಿಷದ ಕೆಲಸ ಐದು ತಿಂಗಳು ಹಿಡಿಯುತ್ತದೆ.

• ಡೊಮೇನ್ ನಿಮ್ಮ ಕೈಯಲ್ಲಿದ್ದರೆ ಅದಕ್ಕಿಂತ ಬಲವಾದ ಪುರಾವೆ ಇಲ್ಲ. ಗೂಗಲ್ ವರ್ಕ್‌ಸ್ಪೇಸ್‌ನ ಸೂಪರ್ ಅಡ್ಮಿನ್ ಖಾತೆ ಮರಳಿಸುವಾಗ ಡೊಮೇನ್‌ನ ಡಿಎನ್‌ಎಸ್‌ನಲ್ಲಿ ಅವರು ಹೇಳಿದ ದಾಖಲೆ ಸೇರಿಸಿ ಒಡೆತನ ತೋರಿಸಬೇಕಾಗುತ್ತದೆ. ಅಡ್ಮಿನ್ ಇಲ್ಲದೆ ಉಳಿದ ಮೈಕ್ರೋಸಾಫ್ಟ್ ಟೆನೆಂಟ್ ಅನ್ನೂ ಡಿಎನ್‌ಎಸ್‌ನಲ್ಲಿ ಟಿಎಕ್ಸ್‌ಟಿ ದಾಖಲೆ ಹಾಕಿ ವಹಿಸಿಕೊಳ್ಳುವ ದಾರಿಯಿದೆ.

• ಡೊಮೇನ್ ಇದ್ದರೆ ನಿಂತುಹೋದ ಇಮೇಲ್ ವಿಳಾಸವನ್ನೂ ಮತ್ತೆ ಸೃಷ್ಟಿಸಬಹುದು. ರೂಟ್ ಖಾತೆಯ ವಿಳಾಸ ಸಂಸ್ಥೆಯ ಡೊಮೇನಿನದಾಗಿದ್ದರೆ, ಅದೇ ಹೆಸರಿನ ಅಂಚೆಪೆಟ್ಟಿಗೆ ತೆರೆದು ಪಾಸ್‌ವರ್ಡ್ ಬದಲಿಸುವ ಪತ್ರ ಪಡೆಯಿರಿ. ಆದ್ದರಿಂದ ಬೇರೆ ಯಾವ ಖರ್ಚು ಕಡಿಮೆ ಮಾಡಿದರೂ ಡೊಮೇನ್ ನವೀಕರಣದ ಹಣ ಉಳಿಸಲು ಹೋಗಬೇಡಿ. ಅದು ಬೇರೆಯವರ ಕೈಗೆ ಹೋದರೆ ಅದರ ಇಮೇಲ್‌ಗಳೂ ಅವರವೇ.

• ಆಡಳಿತ ಮಂಡಳಿಯ ಠರಾವು, ನೋಂದಣಿ ಪತ್ರ, ಪ್ಯಾನ್, ಜಿಎಸ್‌ಟಿ ದಾಖಲೆ, ಬಿಲ್ಲು ಕಟ್ಟಿದ ಬ್ಯಾಂಕ್ ಸ್ಟೇಟ್‌ಮೆಂಟ್, ಇವನ್ನೆಲ್ಲ ಒಂದೇ ಫೈಲಿನಲ್ಲಿ ಜೋಡಿಸಿ. ಸಪೋರ್ಟಿನವರು ಕೇಳಿದ್ದನ್ನು ಅಂದೇ ಕಳಿಸುವಂತಿರಬೇಕು.

• ಬಿಟ್ಟುಹೋದವನ ಪಾಸ್‌ವರ್ಡ್ ಊಹಿಸಿ ಅವನ ಇಮೇಲ್‌ಗೆ ನುಗ್ಗಬೇಡಿ. ಬೇರೆಯವರ ಪಾಸ್‌ವರ್ಡನ್ನು ಮೋಸದಿಂದ ಬಳಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 66ಸಿ ಕಲಮಿನಂತೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ. ನ್ಯಾಯದ ಆಸ್ತಿಯನ್ನು ನ್ಯಾಯದ ದಾರಿಯಲ್ಲೇ ಪಡೆಯಿರಿ.

• ಕೀಲಿ ಇಟ್ಟುಕೊಂಡಿದ್ದವರು ತೀರಿಕೊಂಡಿದ್ದರೆ ಆ ಮನೆಯವರಿಗೆ ದುಃಖ ತಣಿಯಲು ಸಮಯ ಕೊಡಿ. ಆದರೆ ಫೋನಿನ ಸಿಮ್ ನಿಲ್ಲದಂತೆ ರೀಚಾರ್ಜ್ ಮಾಡಿಸಿ ಎಂದು ಮಾತ್ರ ಮೊದಲೇ ಮೆಲ್ಲಗೆ ಹೇಳಿ. ಮರಣ ಪ್ರಮಾಣಪತ್ರದೊಂದಿಗೆ ಕಂಪನಿಗೆ ಬರೆಯುವುದು ಮುಂದಿನ ಹೆಜ್ಜೆ.

ಮೋಸಗಾರರ ಬಗ್ಗೆ ಎಚ್ಚರ

• ದುಡ್ಡು ಕೊಟ್ಟರೆ ಖಾತೆ ತೆರೆದುಕೊಡುತ್ತೇವೆ ಎನ್ನುವವರ ಹತ್ತಿರ ಹೋಗಬೇಡಿ. ಟೆಲಿಗ್ರಾಂ, ವಾಟ್ಸ್‌ಆ್ಯಪ್‌ನಲ್ಲಿ ಬರುವ ಇಂಥವರಿಗೆ ಬೇಕಾಗಿರುವುದು ನಿಮ್ಮ ಒಟಿಪಿ. ಕಂಪನಿಯ ಅಧಿಕೃತ ಪುಟದ ವಿಳಾಸವನ್ನು ನೀವೇ ಕೈಯಾರೆ ಬರೆದು ಹೋಗಿ.

• ಸಪೋರ್ಟಿನವರು ಎಂದು ಹೇಳಿಕೊಂಡು ಪಾಸ್‌ವರ್ಡ್ ಕೇಳಿದರೆ, ಸ್ಕ್ರೀನ್ ಹಂಚಿಕೊಳ್ಳುವ ಆ್ಯಪ್ ಹಾಕಿ ಎಂದರೆ ಅಲ್ಲೇ ಫೋನ್ ಇಡಿ. ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಆರಂಭದ ಗಂಟೆಗಳಲ್ಲಿ ದೂರು ಕೊಟ್ಟರೆ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಒಳಗೆ ಹೋದ ದಿನ

• ಸಂತೋಷದಲ್ಲಿ ಹಳೆಯದನ್ನೆಲ್ಲ ಅಳಿಸಲು ಕೂರಬೇಡಿ. ಮೊದಲು ದತ್ತಾಂಶ, ಚಿತ್ರಗಳು, ಕೋಡ್ ಎಲ್ಲದರ ಒಂದು ಪ್ರತಿ ಇಳಿಸಿಕೊಳ್ಳಿ.

• ಯಂತ್ರ, ಡೇಟಾಬೇಸ್ ಏನೂ ಕಾಣದಿದ್ದರೆ ಎದೆಗುಂದಬೇಡಿ, ರೀಜನ್ ಬದಲಿಸಿ ನೋಡಿ. ಎಡಬ್ಲ್ಯುಎಸ್‌ನ ಮುಂಬೈ ರೀಜನ್ 2016ರಲ್ಲಿ, ಹೈದರಾಬಾದ್ ರೀಜನ್ 2022ರಲ್ಲಿ ಶುರುವಾದವು. ಕಲಿಯುವಾಗ ಗೊತ್ತಿಲ್ಲದೆ ವರ್ಜೀನಿಯಾದಲ್ಲಿ ಯಂತ್ರ ತೆರೆದವರೂ ಬಹಳ.

• ಬಳಕೆದಾರರ ಪಟ್ಟಿ ಓದಿ. ಗುರುತಿಲ್ಲದ ಹೆಸರು, ಹಳೆಯ ಆ್ಯಕ್ಸೆಸ್ ಕೀಲಿ, ಬೇಡದ ಸರ್ವೀಸ್ ಅಕೌಂಟ್ ಇದ್ದರೆ ಮೊದಲು ನಿಷ್ಕ್ರಿಯಗೊಳಿಸಿ, ಏನೂ ಕೆಡದಿದ್ದರೆ ಆಮೇಲೆ ಅಳಿಸಿ. ಗಿಟ್‌ಹಬ್‌ನ ಸಾರ್ವಜನಿಕ ಕೋಡಿನಲ್ಲಿ ಕೀಲಿ ಬಿಟ್ಟಿದ್ದರೆ ಅದನ್ನು ಇವತ್ತೇ ರದ್ದು ಮಾಡಿ.

• ಇಮೇಲ್, ನಂಬರ್, ಕಾರ್ಡ್ ಮೂರನ್ನೂ ಈಗಿನದಕ್ಕೆ ಬದಲಿಸಿ. ಬಜೆಟ್ ಎಚ್ಚರಿಕೆ ಇಡಿ. ಅದು ತಿಳಿಸುತ್ತದೆ ಅಷ್ಟೇ, ಖರ್ಚನ್ನು ತಾನಾಗಿ ನಿಲ್ಲಿಸುವುದಿಲ್ಲ.

ಮುಂದೆ ಹೀಗಾಗದಿರಲು

• ಯಾವ ಖಾತೆಗೂ ಒಬ್ಬರೇ ಅಡ್ಮಿನ್ ಇರಬಾರದು. ಕನಿಷ್ಠ ಇಬ್ಬರಿರಲಿ. ಮೈಕ್ರೋಸಾಫ್ಟ್ ಕೂಡ ದಿನನಿತ್ಯ ಬಳಸದ ಎರಡು ತುರ್ತು ಅಡ್ಮಿನ್ ಖಾತೆ ಇಡಲು ಹೇಳುತ್ತದೆ. ಎಡಬ್ಲ್ಯುಎಸ್‌ನ ರೂಟ್ ಖಾತೆಗೆ ಎಂಟು ಎರಡನೇ ಹಂತದ ಸಾಧನಗಳವರೆಗೆ ಜೋಡಿಸಬಹುದು. ಒಂದು ನಿಮ್ಮಲ್ಲಿ, ಒಂದು ಸಂಸ್ಥೆಯ ಕಪಾಟಿನಲ್ಲಿ ಇರಲಿ.

• ರಿಕವರಿ ಕೋಡುಗಳನ್ನು ಕಾಗದದ ಮೇಲೆ ಮುದ್ರಿಸಿ, ಮನೆಯ ಆಸ್ತಿ ಪತ್ರಗಳ ಜೊತೆ ಇಡಿ. ಫೋನಿನ ಗ್ಯಾಲರಿಯಲ್ಲಿ ಮಾತ್ರ ಇಟ್ಟರೆ ಫೋನ್ ಹೋದ ದಿನ ಅವೂ ಹೋಗುತ್ತವೆ.

• ಗೂಗಲ್‌ನ ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್‌ನಲ್ಲಿ ನಂಬುವ 10 ಜನರವರೆಗೆ ಹೆಸರು ಕೊಡಬಹುದು. ನೀವು ಗೊತ್ತುಪಡಿಸಿದಷ್ಟು ತಿಂಗಳು ಖಾತೆ ಸುಮ್ಮನಿದ್ದರೆ ಅವರಿಗೆ ಸಂದೇಶ ಹೋಗುತ್ತದೆ. ಅಣ್ಣನದೋ ತಂಗಿಯದೋ ಹೆಸರು ಇಂದೇ ಸೇರಿಸಿ.

• ಪ್ರತಿಯನ್ನು ಅದೇ ಖಾತೆಯೊಳಗೆ ಇಡಬೇಡಿ. 2014ರ ಜೂನ್‌ನಲ್ಲಿ ಕೋಡ್ ಸ್ಪೇಸಸ್ ಎಂಬ ಕಂಪನಿಯ ಎಡಬ್ಲ್ಯುಎಸ್ ನಿಯಂತ್ರಣ ಕಳ್ಳನ ಕೈಗೆ ಸಿಕ್ಕಿತು. ದತ್ತಾಂಶದ ಜೊತೆ ಪ್ರತಿಗಳೂ ಅಳಿದವು, ಕಂಪನಿ ಬಾಗಿಲು ಹಾಕಿತು. 2024ರ ಮೇನಲ್ಲಿ ಆಸ್ಟ್ರೇಲಿಯಾದ ಯುನಿಸೂಪರ್ ಪಿಂಚಣಿ ನಿಧಿಯ ಗೂಗಲ್ ಕ್ಲೌಡ್ ವ್ಯವಸ್ಥೆ ತಪ್ಪು ಸಂರಚನೆಯಿಂದ ಅಳಿದಾಗ, ಬೇರೊಂದು ಕಂಪನಿಯಲ್ಲಿ ಇಟ್ಟಿದ್ದ ಪ್ರತಿ ಅವರ ಕೈಹಿಡಿಯಿತು.

• ಖಾತೆ ಬೇಡವೆನಿಸಿದರೆ ಬಿಟ್ಟುಹೋಗಬೇಡಿ, ಸರಿಯಾಗಿ ಮುಚ್ಚಿ. ಕೆಲಸ ಬಿಡುವಾಗ, ಊರು ಬಿಡುವಾಗ ಅಧಿಕಾರವನ್ನು ಬರಹದಲ್ಲಿ ಹಸ್ತಾಂತರಿಸಿ.

• ಎಲ್ಲ ದಾರಿಯೂ ಮುಚ್ಚಿದ್ದರೆ ಒಪ್ಪಿಕೊಳ್ಳಿ. ನಿಮ್ಮ ಲ್ಯಾಪ್‌ಟಾಪಿನ ಕೋಡ್, ಗೆಳೆಯರ ಬಳಿಯಿರುವ ಫೈಲು, ಸಂಸ್ಥೆಯ ಲೆಕ್ಕದ ಪುಸ್ತಕ ಕೂಡಿಸಿ ಹೊಸದಾಗಿ ಕಟ್ಟಿ. ಕಲಿತ ಕೈಗೆ ಎರಡನೇ ಸಲ ಕಟ್ಟುವುದು ಮೊದಲಿಗಿಂತ ಸಲೀಸು.

• ವರ್ಷಕ್ಕೆ ಎರಡು ದಿನ ಗೊತ್ತು ಮಾಡಿಕೊಳ್ಳಿ, ಯುಗಾದಿ ಒಂದು, ದೀಪಾವಳಿ ಒಂದು. ಅಂದು ಪ್ರತಿ ಖಾತೆಗೂ ಲಾಗಿನ್ ಆಗಿ, ನಂಬರ್, ಕಾರ್ಡ್, ಎರಡನೇ ಅಡ್ಮಿನ್ ಮೂರನ್ನೂ ನೋಡಿ, ನಿಮ್ಮ ಹಾಳೆಯಲ್ಲಿ ತಾರೀಕು ಬರೆಯಿರಿ. ಇಷ್ಟು ಮಾಡಿದರೆ ಎರಡು ವರ್ಷದ ಯಾವ ಗಡುವೂ ನಿಮ್ಮನ್ನು ಮುಟ್ಟುವುದಿಲ್ಲ, ನೀವು ಊರಿಗಾಗಿ ಕಟ್ಟಿದ್ದು ಊರಿಗೇ ಉಳಿಯುತ್ತದೆ.